ಗುಜರಿಗೆ ಹಾಕುವ ಮೊದಲು

ನಮ್ಮ ಮನೆಯಲ್ಲಿ ಸೈಟಿನ ಪತ್ರಕ್ಕೆ ಮೂರು ನಕಲುಗಳಿವೆ. ಒಂದು ಬೀರುವಿನಲ್ಲಿ, ಒಂದು ಬ್ಯಾಂಕಿನ ಲಾಕರಿನಲ್ಲಿ, ಇನ್ನೊಂದು ಮೈದುನನ ಮನೆಯಲ್ಲಿ. 1987ರ ಕಂದಾಯದ ರಸೀದಿ ಕೂಡ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗೆ ಕೂತಿದೆ. ಅಮ್ಮನ ಕಾಗದಗಳು ಮಾತ್ರ ಅಟ್ಟದ ಮೇಲೆ, ಮುರಿದ ತೊಟ್ಟಿಲಿನ ಪಕ್ಕ, ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಕಳೆದ ಯುಗಾದಿಗೆ ಮನೆಗೆ ಬಣ್ಣ ಮಾಡಿಸುವಾಗ ಅಟ್ಟ ಖಾಲಿ ಮಾಡಿದೆವು. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅದನ್ನ ಕೊಡಬೇಡಿ, ಅದರಲ್ಲಿ ಅಮ್ಮ ಇದಾಳೆ" ಅಂದೆ. ಮನೆಯವರೆಲ್ಲ ನಕ್ಕರು.

ಅದು ನಗುವ ಮಾತಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

1998ರಲ್ಲಿ ತಂಗಿ ಮದುವೆಯಾಗಿ ಅಮೆರಿಕಕ್ಕೆ ಹೋದಳು. ಫೋನು ದುಬಾರಿ, ಅಂಚೆ ನಿಧಾನ. ತಂಗಿಯ ಗಂಡ ನಮ್ಮ ಕಂಪ್ಯೂಟರಿಗೆ ಯೂಡೋರಾ ಎಂಬ ಮೇಲ್ ಪ್ರೋಗ್ರಾಂ ಹಾಕಿಕೊಟ್ಟಿದ್ದರು. ಸಂಜೆ ಅಮ್ಮ ಸೊಪ್ಪು ಬಿಡಿಸುತ್ತ ಹೇಳುವಳು, ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವೆ. ಎಲ್ಲ ಬರೆದಾದ ಮೇಲೆ ಫೋನ್ ಲೈನ್ ಜೋಡಿಸಿ, ನಮ್ಮದನ್ನು ಕಳಿಸಿ, ಬಂದದ್ದನ್ನು ಇಳಿಸಿಕೊಂಡು, ಬಿಲ್ಲು ಏರುವ ಮೊದಲೇ ಲೈನ್ ಕಡಿಯುವುದು. ಹಾಗೆ ಇಳಿಸಿಕೊಂಡ ಕಾಗದ ಆಚೆ ಕಡೆ ಉಳಿಯುತ್ತಿರಲಿಲ್ಲ. ನಮ್ಮ ಡಿಸ್ಕಿನಲ್ಲಿದ್ದದ್ದೇ ಇದ್ದ ಒಂದು ಪ್ರತಿ. 2004ರಲ್ಲಿ ಅಮ್ಮ ಹೋದಳು. 2007ರಲ್ಲಿ ಯೂಡೋರಾದ ಮಾರಾಟವೂ ನಿಂತಿತು.

ಆ ಪ್ರೋಗ್ರಾಮಿನ ಹೆಸರಿಗೊಂದು ಕತೆಯಿದೆ. ಅದನ್ನು 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬರೆದವನು ಸ್ಟೀವ್ ಡಾರ್ನರ್. ಹೆಸರು ಮಾತ್ರ ಯೂಡೋರಾ ವೆಲ್ಟಿ ಎಂಬ ಅಮೆರಿಕದ ಕತೆಗಾರ್ತಿಯದು. 1941ರಲ್ಲಿ ಬಂದ ಆಕೆಯ ಕತೆಯೊಂದರಲ್ಲಿ ಮನೆಯವರೊಡನೆ ಜಗಳವಾಡಿದ ಹೆಣ್ಣೊಬ್ಬಳು ತನ್ನ ಸಾಮಾನು ಕಟ್ಟಿಕೊಂಡು ಅಂಚೆ ಕಚೇರಿಯಲ್ಲೇ ವಾಸಕ್ಕೆ ಹೋಗುತ್ತಾಳೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಈ ಪ್ರೋಗ್ರಾಮಿನ ಮೂಲ ಬರಹವನ್ನು ಎಲ್ಲರಿಗೂ ತೆರೆದಿಟ್ಟಿತು. ಒಳ್ಳೆಯದೇ. ಆದರೆ ಪ್ರೋಗ್ರಾಂ ಮ್ಯೂಸಿಯಂ ಸೇರಿ, ಅದರಲ್ಲಿ ಬರೆದ ಕಾಗದಗಳು ಗುಜರಿ ಸೇರಿದರೆ? ಜಾಡಿಗೆ ಪೂಜೆ ಮಾಡಿ ಉಪ್ಪಿನಕಾಯಿಯನ್ನು ಚರಂಡಿಗೆ ಚೆಲ್ಲಿದ ಹಾಗಾಯಿತು.

ಡಿಸ್ಕು ಬಿಚ್ಚಿಸಿಕೊಂಡು ಪೇಟೆಯ ಅಂಗಡಿಗೆ ಹೋದೆ. ಹುಡುಗ ನೋಡಿ, "ಆಂಟಿ, ಈ ಪ್ರೋಗ್ರಾಂ ಈಗ ಯಾರೂ ಇಟ್ಕೊಂಡಿಲ್ಲ, ಬಿಟ್ಹಾಕಿ. ಏನಿರತ್ತೆ ಅದರಲ್ಲಿ? ಊಟ ಆಯ್ತಾ, ತಿಂಡಿ ಆಯ್ತಾ" ಅಂದ.

ಹೌದಪ್ಪ, ಅದೇ ಇರುವುದು. ಬಾಣಂತಿಗೆ ಕಾಯದ ಪುಡಿ ಎಷ್ಟು ಹಾಕಬೇಕು, ಹಿಮದ ಊರಿನಲ್ಲಿ ಹಿಟ್ಟು ಹುದುಗಿಸುವುದು ಹೇಗೆ, ಅತ್ತೆ ಹೀಗಂದರೆ ಏನು ಹೇಳಬೇಕು. 2001ರಲ್ಲಿ ತಂಗಿಗೆ ನಾಲ್ಕು ತಿಂಗಳಿಗೆ ಹೋಗಿಬಿಟ್ಟಿತು. ಅವಳ ಕಾಗದ ಓದಿ ಹೇಳಿದಾಗ ಅಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. ಅಂದು ಅವಳು ಹೇಳಿ ಬರೆಸಿದ್ದು ಎರಡೇ ಸಾಲು. ಅಮ್ಮನಿಗೂ ನನಗಿಂತ ಮೊದಲು ಒಂದು ಹೀಗೇ ಹೋಗಿತ್ತೆಂದು ನನಗೆ ಗೊತ್ತಾದದ್ದು ಆ ಎರಡು ಸಾಲು ಕುಟ್ಟುವಾಗ. ಅದು ಯಾವ ಆಸ್ಪತ್ರೆಯ ಚೀಟಿಯಲ್ಲೂ ಇಲ್ಲ, ಯಾವ ವಂಶವೃಕ್ಷದಲ್ಲೂ ಇಲ್ಲ. ಇರುವುದು ಆ ಡಿಸ್ಕಿನಲ್ಲಿ. ಕಂದಾಯದ ರಸೀದಿ ದಾಖಲೆಯಾದರೆ ಇದು ಯಾಕಲ್ಲ? ಹೆಂಗಸರ ಮಾತು ಹರಟೆ, ಹೆಂಗಸರ ಬರಹ ಕಸ ಎಂಬ ಹಳೆಯ ರೂಢಿಯೇ ಈಗ ಕಂಪ್ಯೂಟರಿನಲ್ಲೂ ನಡೆದಿದೆ ಎನ್ನುತ್ತೇನೆ ನಾನು.

ಕೊನೆಗೆ ಒಂದು ಕೇಬಲ್ ಕೊಂಡು ಡಿಸ್ಕನ್ನು ಮಗಳ ಕಂಪ್ಯೂಟರಿಗೆ ನಾನೇ ಜೋಡಿಸಿದೆ. ಮೊದಲು ಯೂಡೋರಾದ ಇಡೀ ಫೋಲ್ಡರನ್ನು ನಕಲು ಮಾಡಿಕೊಂಡೆ. ಮುಟ್ಟುವುದು ನಕಲನ್ನು ಮಾತ್ರ, ಮೂಲವನ್ನಲ್ಲ. ಬಂದ ಕಾಗದಗಳು 'ಇನ್', ಹೋದವು 'ಔಟ್' ಎಂಬ ಫೈಲಿನಲ್ಲಿ; ಎರಡರ ಬಾಲದಲ್ಲೂ 'ಎಂಬಿಎಕ್ಸ್' ಎಂದಿರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಕು, ಬೀಗ ಚಿಲಕ ಏನಿಲ್ಲ, ಬರೀ ಅಕ್ಷರ. ಪ್ರತಿ ಕಾಗದದ ತಲೆಯ ಮೇಲೆ, ಕಳಿಸಿದವರ ಹೆಸರಿರಬೇಕಾದ ಕಡೆ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡು ಎದೆ ಧಸಕ್ಕೆಂದಿತು. ಅದು ಒಂದು ಕಾಗದ ಮುಗಿದು ಇನ್ನೊಂದು ಶುರುವಾಯಿತೆಂಬ ಗುರುತಷ್ಟೆ. ನಿಜವಾದ ಹೆಸರು ಅದರ ಕೆಳಗಿರುತ್ತದೆ. ಫೋಟೋಗಳು ಕಾಗದದೊಳಗಿಲ್ಲ, 'ಅಟ್ಯಾಚ್' ಎಂಬ ಬೇರೆ ಫೋಲ್ಡರಿನಲ್ಲಿವೆ. ಥಂಡರ್‌ಬರ್ಡ್‌ನಂಥ ಈಗಿನ ಪ್ರೋಗ್ರಾಮಿಗೆ ಸಾಗಿಸುವಾಗ ಅವುಗಳ ಕೊಂಡಿ ಕಳಚಿಹೋಗಬಹುದು. ಆದ್ದರಿಂದ ಆ ಫೋಲ್ಡರನ್ನೂ ಮರೆಯದೆ ಎತ್ತಿಕೊಳ್ಳಬೇಕು. ಆರು ವರ್ಷದ ಕಾಗದಗಳೆಲ್ಲ ಸೇರಿ ಇವತ್ತಿನ ಮೊಬೈಲಿನ ಒಂದು ಫೋಟೋದಷ್ಟು ಜಾಗವನ್ನೂ ಹಿಡಿದಿರಲಿಲ್ಲ. ಇಷ್ಟಕ್ಕೆ ಜಾಗವಿಲ್ಲವೇ ನಮ್ಮ ಮನೆಗಳಲ್ಲಿ?

"ಈಗ ಎಲ್ಲ ಆನ್‌ಲೈನಿನಲ್ಲೇ ಇರತ್ತಲ್ಲ, ಭಯ ಯಾಕೆ" ಅನ್ನುತ್ತಾರೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂದು 2023ರಲ್ಲಿ ಗೂಗಲ್ಲೇ ಹೇಳಿದೆ. ಸತ್ತವರು ಲಾಗಿನ್ ಆಗುವುದಿಲ್ಲವಷ್ಟೆ. "ಹಳೆಯದನ್ನು ಕಟ್ಟಿಕೊಂಡು ಎಷ್ಟು ದಿನ ಇರೋದು" ಅನ್ನುವವರೂ ಇದ್ದಾರೆ. ಆ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಸಿಟ್ಟಿನಲ್ಲಿ ಬರೆದ ಹತ್ತಾರು ಕಾಗದಗಳನ್ನು ತಂಗಿಯನ್ನು ಕೇಳಿ ನಾನೇ ಅಳಿಸಿದೆ. ಆದರೆ ಓದಿ ಅಳಿಸುವುದು ಬೇರೆ, ಓದದೆ ತೂಕಕ್ಕೆ ಹಾಕುವುದು ಬೇರೆ.

ಬೇಳೆಯನ್ನು ಬಿಸಿಲಿಗೆ ಹಾಕುವುದು, ಉಪ್ಪಿನಕಾಯಿಗೆ ನೀರು ಸೋಕದಂತೆ ನೋಡುವುದು ನಮಗೆ ಯಾರೂ ಕ್ಲಾಸು ತೆಗೆದು ಕಲಿಸಲಿಲ್ಲ. ಕಾಪಿಡುವ ವಿದ್ಯೆ ನಮ್ಮದೇ. ಇದೂ ಅದೇ ಜಾತಿಯ ಕೆಲಸ. ಮಗ ಬರಲಿ, ಅಳಿಯ ಬರಲಿ ಎಂದು ಕಾಯಬೇಡಿ. ಅವರಿಗೆ ಪುರುಸೊತ್ತಾಗುವುದರೊಳಗೆ ಡಿಸ್ಕು ತುಕ್ಕು ಹಿಡಿದಿರುತ್ತದೆ. ನಿಮ್ಮ ಅಟ್ಟದ ಮೇಲೂ ಒಂದು ಹಳೆಯ ಕಂಪ್ಯೂಟರ್ ಇದ್ದರೆ ಈ ಭಾನುವಾರವೇ ಇಳಿಸಿ.

ಕಾಗದಗಳನ್ನೆಲ್ಲ ತಂಗಿಗೆ ಕಳಿಸಿದ ರಾತ್ರಿ ಅವಳು ಫೋನ್ ಮಾಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಅಕ್ಕ, ಇನ್ನೊಂದು ಕಡೆ ಇಟ್ಟಿದೀಯ ತಾನೆ?"

"ಮೂರು ಕಡೆ ಇಟ್ಟಿದೀನಿ ಕಣೆ," ಅಂದೆ, "ಸೈಟಿನ ಪತ್ರದ ಹಾಗೆ."