ಪೋಸ್ಟು ಹಾಕಿದ ಮಾತ್ರಕ್ಕೆ ಕಾಸು ಬಂದೀತೇ?

ಕಳೆದ ತಿಂಗಳ ಆಡಳಿತ ಮಂಡಳಿಯ ಸಭೆಯ ಮುಂದೆ ಪ್ರಚಾರ ಸಂಸ್ಥೆಯೊಂದರ ಪತ್ರ ಬಂದಿತ್ತು. ನಮ್ಮ ಸಂಘದ ಹೆಸರಿನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮತ್ತು ಯೂಟ್ಯೂಬ್‌ಗಳಲ್ಲಿ ದಿನಕ್ಕೊಂದು ಪೋಸ್ಟು ಹಾಕಿಕೊಡುವುದಾಗಿಯೂ, ಅದಕ್ಕೆ ಒಂದು ವರ್ಷದ ಶುಲ್ಕವನ್ನು ಮುಂಗಡ ಕಟ್ಟಬೇಕೆಂದೂ, ಆಮೇಲೆ ಸದಸ್ಯರಿಗೆ ಆದಾಯವು ತಾನಾಗಿಯೇ ಹರಿದುಬರುವುದೆಂದೂ ಅದರ ಒಕ್ಕಣೆ. ಈ 'ತಾನಾಗಿಯೇ' ಎಂಬ ಮಾತು ನಮಗೆ ಸ್ವಲ್ಪ ತೊಡಕಾಗಿ ಕಂಡಿತು. ತೋಟದಲ್ಲಿ ತಾನಾಗಿಯೇ ಬರುವುದು ಕಳೆ ಮಾತ್ರ.

ಮಂಡಳಿಯಲ್ಲಿ ಅಭಿಪ್ರಾಯ ಎರಡಾಯಿತು. ಕಿರಿಯ ನಿರ್ದೇಶಕರು ಒಪ್ಪಿಕೊಳ್ಳೋಣವೆಂದರು. ಹಿರಿಯರು ಪತ್ರವನ್ನು ಕಡತಕ್ಕೆ ಸೇರಿಸಿ ಎಂದರು. ಕೊನೆಗೆ ವಿಷಯವನ್ನು ಸರ್ವಸದಸ್ಯರ ಸಭೆಗೆ ಬಿಡಲಾಗಿದೆ. ಖರ್ಚಾಗುವುದು ಸದಸ್ಯರ ಹಣವಾದ್ದರಿಂದ ಕಾರ್ಯದರ್ಶಿಯಾಗಿ ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇವೆ.

ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಪೋಸ್ಟು ಹಾಕುವುದನ್ನೇ ಕಸುಬು ಮಾಡಿಕೊಂಡು ಅದರಿಂದಲೇ ಸಂಪಾದಿಸುವುದು ಒಂದು. ಮನೆಯಲ್ಲಿರುವ ಸರಕನ್ನು ಪೋಸ್ಟಿನ ಮೂಲಕ ಮಾರಿ ಸಂಪಾದಿಸುವುದು ಇನ್ನೊಂದು. ನಮ್ಮ ಹುಡುಗರು ಮೊದಲನೆಯದನ್ನು ಕಂಡು ಮರುಳಾಗುತ್ತಾರೆ. ನಮಗೆ ದಕ್ಕಬಹುದಾದದ್ದು ಎರಡನೆಯದು.

ಮೊದಲನೆಯದರ ಲೆಕ್ಕವನ್ನೇ ನೋಡೋಣ. ಯೂಟ್ಯೂಬಿನವರು ಜಾಹೀರಾತಿನ ಹಣದಲ್ಲಿ ಪಾಲು ಕೊಡುತ್ತಾರೆಂಬುದು ನಿಜ. ಆದರೆ ಆ ಪಾಲಿಗೆ ಅರ್ಹರಾಗಲು 2018ರಲ್ಲಿ ಅವರು ಹಾಕಿದ ಷರತ್ತು ಹೀಗಿದೆ: ಕನಿಷ್ಠ 1,000 ಚಂದಾದಾರರಿರಬೇಕು, ಮತ್ತು ಹಿಂದಿನ 12 ತಿಂಗಳಲ್ಲಿ ಜನ ನಮ್ಮ ವೀಡಿಯೊಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ಐದು ನಿಮಿಷದ ವೀಡಿಯೊ ಎಂದಿಟ್ಟುಕೊಂಡರೆ ಅದನ್ನು ಮೊದಲಿನಿಂದ ಕೊನೆಯವರೆಗೆ 48,000 ಸಲ ನೋಡಿರಬೇಕಾಯಿತು. ಅರ್ಧಕ್ಕೇ ಬಿಟ್ಟುಹೋದರೆ 96,000 ಸಲ. ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ನೋಡುವ ಗಿಡ್ಡ ವೀಡಿಯೊಗಳ ಹೊತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಅವುಗಳಿಗೆ 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಎಂಬ ಬೇರೆಯೇ ಷರತ್ತನ್ನು 2023ರಲ್ಲಿ ತಂದರು. ಇಷ್ಟೆಲ್ಲ ದಾಟಿದ ಮೇಲೂ ಸಾವಿರ ವೀಕ್ಷಣೆಗೆ ಇಷ್ಟು ಎಂಬ ಗೊತ್ತಾದ ದರವಿಲ್ಲ. ಜಾಹೀರಾತುದಾರ ಕೊಟ್ಟ ಹಣದಲ್ಲಿ ನೂರಕ್ಕೆ 55 ಪಾಲು, ಗಿಡ್ಡ ವೀಡಿಯೊಗಳಾದರೆ ಅವುಗಳ ಲೆಕ್ಕಕ್ಕೆ ಬಂದ ಹಣದಲ್ಲಿ ನೂರಕ್ಕೆ 45 ಪಾಲು, ವೀಡಿಯೊ ಮಾಡಿದವನದು. ಅಮೆರಿಕದಲ್ಲಿ ಕುಳಿತು ನೋಡುವವನಿಗೆ ತೋರಿಸುವ ಜಾಹೀರಾತಿನ ಬೆಲೆಗೂ ನಮ್ಮ ಹೋಬಳಿಯಲ್ಲಿ ಕುಳಿತು ನೋಡುವವನಿಗೆ ತೋರಿಸುವುದರ ಬೆಲೆಗೂ ಬಹಳ ಅಂತರವಿದೆ. ಖಾತೆಯಲ್ಲಿ 100 ಡಾಲರು ಕೂಡುವವರೆಗೆ ಅದು ಕೈಗೆ ಬರುವುದೂ ಇಲ್ಲ. ಇದರಲ್ಲಿ ಗೆದ್ದವರು ಖಂಡಿತ ಇದ್ದಾರೆ. ಆದರೆ ಅವರು ಅದಕ್ಕೆ ಇಡೀ ದಿನ ಕೊಟ್ಟವರು. ಅತ್ತ ಕೊನೆ ಕೊಯ್ಲು, ಇತ್ತ ಹಣ್ಣು ಬಿಡಿಸುವುದು, ನಡುವೆ ಆಳಿನ ತಾಪತ್ರಯ, ಇವುಗಳ ನಡುವೆ ಬಿಡುವಾದಾಗ ಮಾಡುವ ಕೆಲಸವಲ್ಲ ಅದು.

ಇನ್ನು ಕಂಪನಿಗಳಿಂದ ಬರುವ ಹಣ. ಪೋಸ್ಟು ಹಾಕುವವರಿಗೆ ನಿಜವಾಗಿ ಸಂಪಾದನೆಯಾಗುವ ದಾರಿ ಇದೇ, ಮತ್ತು ಇದಕ್ಕೆ ಲಕ್ಷಗಟ್ಟಲೆ ವೀಕ್ಷಕರೂ ಬೇಕಿಲ್ಲ. ಕಳೆ ಕೊಚ್ಚುವ ಯಂತ್ರ, ದೋಟಿ, ಗೊಬ್ಬರ, ಔಷಧಿ ಮಾರುವವರಿಗೆ ಬೇಕಾದವರು ಬೆಳೆಗಾರರು. ಐದು ಸಾವಿರ ಬೆಳೆಗಾರರು ನಂಬಿ ನೋಡುವ ಒಬ್ಬ ಹುಡುಗ ಸಿಕ್ಕಿದರೆ ಸಿನಿಮಾ ನಟನಿಗಿಂತ ಅಗ್ಗಕ್ಕೆ ಅವರ ಕೆಲಸವಾಗುತ್ತದೆ. ಹುಡುಗ ಮಾರುವುದು ತನ್ನ ಮಾತನ್ನಲ್ಲ, ನೋಡುವವರು ತನ್ನ ಮೇಲಿಟ್ಟ ನಂಬಿಕೆಯನ್ನು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಎರಡು ವರ್ಷಗಳ ಹಿಂದೆ ಮುಂಗಾರಿಗೆ ಮೊದಲು ಒಂದು ವೀಡಿಯೊ ಬಂತು. ತೋಟದ ನಡುವೆ ನಿಂತ ಯುವಕನೊಬ್ಬ, ಇಂಥ ದ್ರಾವಣವನ್ನು ಒಂದು ಸಲ ಹೊಡೆದರೆ ಸಾಕು, ಅಡಿಕೆಗೆ ಕೊಳೆರೋಗ ತಗಲುವುದೇ ಇಲ್ಲ, ಬೋರ್ಡೋ ಕಲಸುವ ರಗಳೆ ಬೇಡ ಎಂದು ಹೇಳುತ್ತಿದ್ದ. ಮಾತು ಚೆನ್ನಾಗಿತ್ತು, ಹಿಂದೆ ಕಾಣುತ್ತಿದ್ದ ತೋಟವೂ ಚೆನ್ನಾಗಿತ್ತು. ಅದನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದವರು ನಾವೇ. 'ನೋಡಿ, ಉಪಯೋಗವಾದೀತು' ಎಂದು ಒಂದು ಸಾಲು ಬೇರೆ ಬರೆದಿದ್ದೆವು. ಒಂದೂವರೆ ಎಕರೆ ತೋಟದ ನಮ್ಮ ಸದಸ್ಯರೊಬ್ಬರು, ಔಷಧಿ ಹೊಡೆಯುವವರು ಸಿಗದ ಆ ವರ್ಷ, ಇದನ್ನೇ ನಂಬಿ ಬೋರ್ಡೋ ಕೈಬಿಟ್ಟರು. ಆಗಸ್ಟಿನಲ್ಲಿ ಅವರ ತೋಟಕ್ಕೆ ಹೋದಾಗ ಮರದಡಿಯಲ್ಲಿ ಹಸಿರು ಕಾಯಿ ಹಾಸಿದಂತೆ ಬಿದ್ದಿತ್ತು. ಕಾಲಿಟ್ಟರೆ ಜಾರುತ್ತಿತ್ತು. ಅವರು ನಮ್ಮನ್ನು ಬೈಯಲಿಲ್ಲ. ಸಾಲದ ಕಂತಿಗೆ ವಾಯಿದೆ ಕೇಳಲು ಕಚೇರಿಗೆ ಬಂದಾಗ, 'ನೀವು ಹಾಕಿದ್ದಲ್ವಾ ಭಟ್ರೇ, ಹಾಗಾಗಿ ಸರಿಯಿರಬಹುದು ಅಂದುಕೊಂಡೆ' ಎಂದರು ಅಷ್ಟೆ. ಆ ಯುವಕನಿಗೆ ಹಣ ಸಂದಿತ್ತೆಂಬುದು ಆಮೇಲೆ ತಿಳಿಯಿತು. ವೀಡಿಯೊದಲ್ಲಿ ಆ ಮಾತೇ ಇರಲಿಲ್ಲ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಬರೆದದ್ದು 1910ರಲ್ಲಿ. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ ಶೇಕಡಾ 1ರ ಬೋರ್ಡೋ: ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರು. ಇದನ್ನು ವೀಡಿಯೊ ಮಾಡಿ ಹಾಕಲು ಹಣ ಕೊಡುವ ಕಂಪನಿ ಯಾವುದೂ ಇಲ್ಲ. ಇದರಿಂದ ಲಾಭವಾಗುವುದು ಬೆಳೆಗಾರನಿಗೆ ಮಾತ್ರವಲ್ಲವೇ!

ಪೋಸ್ಟು ಹಾಕಿ ಹಣ ಪಡೆಯುವ ನಮ್ಮ ಯುವಕರು ಕಾನೂನನ್ನೂ ತಿಳಿದಿರಬೇಕು. ಕಂಪನಿಯಿಂದ ಹಣವನ್ನೋ ವಸ್ತುವನ್ನೋ ಪಡೆದು ಹೊಗಳುವುದಾದರೆ ಅದು ಜಾಹೀರಾತೆಂದು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಬಿಟ್ಟಿ ಬಂದ ಯಂತ್ರವೂ ಲೆಕ್ಕಕ್ಕೆ ಬರುತ್ತದೆ. ವರ್ಷದಲ್ಲಿ ಅದರ ಬೆಲೆ 20,000 ರೂಪಾಯಿ ಮೀರಿದರೆ ಶೇಕಡಾ 10ರಂತೆ ತೆರಿಗೆ ಮುರಿಯುವ ಪದ್ಧತಿ 2022ರ ಜುಲೈ 1ರಿಂದ ಬಂದಿದೆ. ತೋಟದಲ್ಲಿ ನಿಂತು ತೆಗೆದ ವೀಡಿಯೊ ಆದರೂ ಅದರ ಆದಾಯ ಕೃಷಿ ಆದಾಯವಾಗುವುದಿಲ್ಲ. ಇದನ್ನು ಕೇಳಿ ಒಬ್ಬ ಹುಡುಗ ನಮ್ಮೆದುರೇ ತಲೆ ಮೇಲೆ ಕೈಯಿಟ್ಟುಕೊಂಡ.

ಇನ್ನು ಎರಡನೆಯ ಸಂಗತಿ. ನಮ್ಮ ಹಿರಿಯ ಸದಸ್ಯರಿಗೆ ಕಾಫಿ ಮಾರುವುದೆಂದರೆ ಪೂಲಿಗೆ ಹಾಕುವುದೇ ಆಗಿತ್ತು. 1942ರ ಕಾಫಿ ಕಾಯಿದೆಯ ಕೆಳಗೆ ಬೆಳೆಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು. ಮಾರುವುದು ಅವರ ಕೆಲಸ, ಕಂತಿಗಾಗಿ ಕಾಯುವುದು ನಮ್ಮ ಕೆಲಸ. 1992ರಿಂದ ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಈ ವ್ಯವಸ್ಥೆಯನ್ನು ಪೂರ್ತಿ ಕೈಬಿಟ್ಟರು. ಸ್ವಾತಂತ್ರ್ಯವೇನೋ ಬಂತು. ಆದರೆ ಐವತ್ತು ವರ್ಷ ಮಾರದೇ ಇದ್ದವರಿಗೆ ಮಾರುವ ವಿದ್ಯೆ ಒಂದು ದಿನದಲ್ಲಿ ಬರಲಿಲ್ಲ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ ದರಕ್ಕೆ ಮೂಟೆ ಎತ್ತಿಸುವುದೇ ರೂಢಿಯಾಯಿತು. ನಾವು ಬೆಳೆದ ಕಾಫಿಯನ್ನು ಕುಡಿಯುವವನ ಮುಖವನ್ನು ನಾವು ನೋಡಿಲ್ಲ. ಅದನ್ನು ತೋರಿಸಬಲ್ಲ ಮೊದಲ ಸಾಧನ ಈ ಮೊಬೈಲು ಎಂಬುದನ್ನು ಅಲ್ಲಗಳೆಯಲಾಗದು. ಪತ್ರವನ್ನು ಕಡತಕ್ಕೆ ಸೇರಿಸಿ ಎಂದ ಹಿರಿಯರೊಂದಿಗೆ ನಾವು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ.

2021ರ ಬಾಳೆಕಾಯಿ ಹುಡಿಯ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಕೊರೋನಾ ಕಾಲದಲ್ಲಿ ಬಾಳೆಕಾಯಿಯನ್ನು ಕೇಳುವವರಿಲ್ಲದಾಗ ಉತ್ತರ ಕನ್ನಡ, ತುಮಕೂರು ಮೊದಲಾದ ಕಡೆ ಹೆಣ್ಣುಮಕ್ಕಳು ಅದನ್ನು ಹೆಚ್ಚಿ ಒಣಗಿಸಿ ಹುಡಿ ಮಾಡಿದರು. ಅದರಿಂದ ಮಾಡಿದ ತಿಂಡಿಗಳ ಚಿತ್ರಗಳನ್ನು ಹಾಕಿದರು. ಬಾಕಾಹು ಎಂಬ ಹೆಸರು ಮೊಬೈಲಿನಿಂದ ಮೊಬೈಲಿಗೆ ಹರಡಿತು, ಹುಡಿ ಬೇಕೆಂದು ಕೇಳುವವರು ಹುಟ್ಟಿಕೊಂಡರು. ಅದೇ ಜುಲೈಯಲ್ಲಿ ಪ್ರಧಾನಮಂತ್ರಿಗಳು ತಮ್ಮ ರೇಡಿಯೊ ಭಾಷಣದಲ್ಲಿ ಇದನ್ನು ಪ್ರಸ್ತಾಪಿಸಿದರು. ಅಲ್ಲಿ ಮೊದಲು ಹುಡಿ ಇತ್ತು, ಪೋಸ್ಟು ಆಮೇಲೆ ಬಂತು ಎಂಬುದನ್ನು ಗಮನಿಸಬೇಕು.

ನಮ್ಮ ಮನೆಯದೇ ಒಂದು ಅನುಭವ. ತಮ್ಮನ ಮಗ ಹೂಮಳೆಯ ನಂತರ ಕಾಫಿ ಅರಳಿದ ದೃಶ್ಯವನ್ನು ತೆಗೆದು ಹಾಕಿದ. ಲಕ್ಷಕ್ಕೂ ಮಿಕ್ಕಿ ಜನ ನೋಡಿದರು. ಮನೆಯಲ್ಲಿ ಹಬ್ಬದ ಸಂಭ್ರಮ. ಕೆಳಗೆ 'ನಮ್ಮಲ್ಲಿ ಕಾಫಿ ಪುಡಿ ಸಿಗುತ್ತದೆ' ಎಂದು ಬರೆದಿದ್ದಕ್ಕೆ ಬಂದ ಬೇಡಿಕೆ ಹನ್ನೊಂದು ಪೊಟ್ಟಣ. ಹೂವು ನೋಡುವವರೇ ಬೇರೆ, ಪುಡಿ ಕೊಳ್ಳುವವರೇ ಬೇರೆ. ಆದರೆ ಆ ಹನ್ನೊಂದರಲ್ಲಿ ಏಳು ಮನೆಯವರು ಇಂದಿಗೂ ತರಿಸುತ್ತಾರೆ, ತಮ್ಮ ನೆಂಟರಿಗೂ ಹೇಳಿದ್ದಾರೆ. ಈಗ ಅವನು ಹೂವಿನ ಚಿತ್ರ ಹಾಕುವುದನ್ನು ಕಡಿಮೆ ಮಾಡಿದ್ದಾನೆ. ಹುರಿದ ದಿನಾಂಕ, ಚಿಕೋರಿ ಇದೆಯೋ ಇಲ್ಲವೋ, ದರ ಎಷ್ಟು ಎಂಬ ಮೂರು ಸಾಲನ್ನು ಗೊತ್ತಿರುವ ಗಿರಾಕಿಗಳಿಗಷ್ಟೇ ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಮಾರಾಟವಾಗುವುದು ಅದರಿಂದ. ಮೊದಲ ಪೊಟ್ಟಣ ಪೋಸ್ಟಿನಿಂದ ಹೋಗಬಹುದು, ಎರಡನೆಯದು ಹೋಗುವುದು ರುಚಿಯಿಂದ.

ಪುಡಿ ಮಾಡಿ ಮಾರುವುದರಲ್ಲಿ ಬಂದ ದರವೆಲ್ಲ ಲಾಭವೆಂದು ಯಾರೂ ತಿಳಿಯಬಾರದು. 50 ಕಿಲೊ ಅರೇಬಿಕಾ ಪಾರ್ಚ್‌ಮೆಂಟನ್ನು ಕ್ಯೂರಿಂಗ್‌ಗೆ ಕೊಟ್ಟರೆ ಸುಮಾರು 40 ಕಿಲೊ ಬೀಜ ಸಿಗುತ್ತದೆ. ಹುರಿದರೆ ಅದರಲ್ಲಿ ನೂರಕ್ಕೆ 15ರಿಂದ 20ರಷ್ಟು ತೂಕ ಹೋಗಿ 32-34 ಕಿಲೊ ಉಳಿಯುತ್ತದೆ. ಅದರ ಮೇಲೆ ಹುರಿಯುವ ಕೂಲಿ, ಪೊಟ್ಟಣ, ಕೊರಿಯರ್, ವಾಪಸು ಬಂದ ಪಾರ್ಸೆಲ್ಲು. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಅಚ್ಚು ಮಾಡಿರಬೇಕು. ಹುರಿಯದ ಬೀಜಕ್ಕೆ ಜಿಎಸ್‌ಟಿ ಇಲ್ಲ, ಹುರಿದದ್ದಕ್ಕೆ ಶೇಕಡಾ 5 ಇದೆ. ಚೆನ್ನೈನ ಗಿರಾಕಿಗೆ ಒಂದು ಕಿಲೊ ಪುಡಿ ಮಾರಿ ಕಳಿಸಿದರೂ, ಅದು ಬೇರೆ ರಾಜ್ಯವಾದ್ದರಿಂದ, ವಹಿವಾಟು ಚಿಕ್ಕದೆಂಬ ವಿನಾಯಿತಿ ಸಿಗದು, ನೋಂದಣಿ ಬೇಕಾಗುತ್ತದೆ. ಸ್ವಂತ ತೋಟದ ಕಾಫಿಯನ್ನೇ ಹುರಿದು ಪುಡಿ ಮಾಡಿ ಮಾರಿದರೂ ಲಾಭದಲ್ಲಿ ನೂರಕ್ಕೆ 40 ಪಾಲನ್ನು ವ್ಯಾಪಾರದ ಆದಾಯವೆಂದೇ ಎಣಿಸುತ್ತಾರೆ. ಎರಡು ಎಕರೆಯ ಬೆಳೆಗಾರನೊಬ್ಬ ಈ ಎಲ್ಲ ಕಾಗದ ಪತ್ರಗಳನ್ನು ಒಬ್ಬನೇ ಹೊತ್ತು ತಿರುಗುವುದು ಕಷ್ಟ. ಪೋಸ್ಟು ಹಾಕುವುದು ಇದರಲ್ಲೆಲ್ಲ ಹಗುರವಾದ ಕೆಲಸ, ಅದಕ್ಕೇ ಎಲ್ಲರೂ ಅದರಿಂದ ಶುರುಮಾಡುತ್ತಾರೆ.

ಅಡಿಕೆಯ ಮಟ್ಟಿಗೆ ಈ ಮಾತು ಹೆಚ್ಚು ಬೆಳೆಸಬೇಕಿಲ್ಲ. ರಾಶಿಯನ್ನೋ ಬೆಟ್ಟೆಯನ್ನೋ ಕೊಳ್ಳುವವನು ಯಾರ್ಡಿಗೆ ಬಂದು ಅಡಿಕೆಯನ್ನು ಕೈಗೆತ್ತಿಕೊಂಡು, ಒಡೆದು ನೋಡಿ ಟೆಂಡರು ಬರೆಯುತ್ತಾನೆ. ಚಿತ್ರ ನೋಡಿ ಯಾರೂ ಕ್ವಿಂಟಲ್ ಅಡಿಕೆ ಕೊಳ್ಳರು. ಎಪ್ಪತ್ತರ ದಶಕದ ಆರಂಭದಲ್ಲಿ ದರ ಕುಸಿದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು, ಬೆಳೆಗಾರರ ಸಂಸ್ಥೆಯೇ ಕೊಳ್ಳುವವನಾಗಿ ಪೇಟೆಯಲ್ಲಿ ನಿಂತದ್ದು, ಅಡಿಕೆಗೆ ಆಸರೆಯಾಯಿತು.

ಒಂದು ಎಚ್ಚರಿಕೆ. ಮನೆಯಲ್ಲೇ ಕುಳಿತು ಪೋಸ್ಟುಗಳಿಗೆ ಲೈಕು ಒತ್ತಿದರೆ ದಿನಕ್ಕಿಷ್ಟು ಹಣ ಎಂಬ ಸಂದೇಶ ನಮ್ಮ ಸದಸ್ಯರ ಮನೆಗಳಿಗೂ ಬರುತ್ತಿದೆ. ಮೊದಲು ನೂರಿನ್ನೂರು ರೂಪಾಯಿ ಹಾಕುತ್ತಾರೆ, ಆಮೇಲೆ 'ಠೇವಣಿ' ಕೇಳುತ್ತಾರೆ. ಅದು ಶುದ್ಧ ಮೋಸ. ಹಣ ಕಳೆದುಕೊಂಡವರು ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಬಿಟ್ಟಂತೆ.

ಇಷ್ಟು ಹೇಳಿದ ಮೇಲೆ ಸಭೆಯ ಮುಂದೆ ನಾವು ಇಡಲಿರುವ ಸೂಚನೆ ಇದು. ಪ್ರಚಾರ ಸಂಸ್ಥೆಗೆ ವರ್ಷದ ಮುಂಗಡ ಕೊಡುವುದು ಬೇಡ. ಮಾರಾಟವಾಗಲಿ ಬಿಡಲಿ ಅವರ ಶುಲ್ಕಕ್ಕೆ ಬಾಧೆಯಿಲ್ಲ ಎಂಬ ಕರಾರು ನಮಗೆ ಹಿಡಿಸುವುದಿಲ್ಲ. ಅದೇ ಹಣದ ಒಂದು ಭಾಗದಲ್ಲಿ ಸಂಘದ ಹೆಸರಿನಲ್ಲಿ ಪರವಾನಗಿ, ಜಿಎಸ್‌ಟಿ ನೋಂದಣಿ ಮತ್ತು ಒಂದು ಪೊಟ್ಟಣ ಕಟ್ಟುವ ಯಂತ್ರ ಮಾಡಿಕೊಳ್ಳೋಣ. ಸದಸ್ಯರು ತಮ್ಮ ಕಾಫಿಯನ್ನೂ ಮೆಣಸನ್ನೂ ಇಲ್ಲಿಗೆ ತರಲಿ. ಪೋಸ್ಟು ಹಾಕುವ ಕೆಲಸವನ್ನು ಸದಸ್ಯರ ಮನೆಯ ಇಬ್ಬರು ಯುವಕ ಯುವತಿಯರಿಗೆ ಒಪ್ಪಿಸಿ, ಮಾರಾಟವಾದ ಪ್ರತಿ ಪೊಟ್ಟಣದ ಮೇಲೆ ಕಮಿಷನ್ ಕೊಡೋಣ. ಅವರೂ ಸಂಪಾದಿಸಲಿ. ಒಂದು ನಿಬಂಧನೆ ಮಾತ್ರ ಇರಲಿ: ಸಂಘದ ಹೆಸರಿನಲ್ಲಿ ಯಾವ ಔಷಧಿ ಗೊಬ್ಬರದ ಹೊಗಳಿಕೆಯೂ ಹೋಗಕೂಡದು, ಕಾರ್ಯದರ್ಶಿಯೇ ಕಳಿಸಿದರೂ ಹೋಗಕೂಡದು.

ಆ ಒಂದೂವರೆ ಎಕರೆಯ ಸದಸ್ಯರೂ ಸಭೆಗೆ ಬರುವುದಾಗಿ ಹೇಳಿದ್ದಾರೆ. ಕಿರಿಯ ನಿರ್ದೇಶಕರು ತಮ್ಮ ಲೆಕ್ಕವನ್ನು ಬರೆದು ತರಲಿ. ನಮ್ಮ ಲೆಕ್ಕದ ಪ್ರತಿ ಕಚೇರಿಯಲ್ಲಿದೆ, ಬಂದು ನೋಡಬಹುದು.