ಹೊರೆ ಹೇರುವಲ್ಲಿ ಹೊಣೆ ಯಾರದು?

ಭೀಮಾತೀರದ ಚಡಚಣಕ್ಕೂ ಕಡಲಿನ ಹಡಗಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಹೊಳೆಯ ದಂಡೆಯ ಒದ್ದೆ ಮಳಲನ್ನು ಅಂಗಾಲಿನಿಂದ ನಾಲ್ಕು ಸಲ ತುಳಿದರೆ, ಗಟ್ಟಿಯಾಗಿ ಕಂಡ ನೆಲವೇ ನೀರೂರಿ ಅಲುಗತೊಡಗುವದನ್ನು ಇಲ್ಲಿಯ ಹುಡುಗರೂ ಬಲ್ಲರು. ೨೦೦೯ರ ಜುಲೈಯಲ್ಲಿ ಮಂಗಳೂರಿನ ಹತ್ತಿರ ‘ಏಷಿಯನ್ ಫಾರೆಸ್ಟ್’ ಎಂಬ ಹಡಗನ್ನು ಮುಳುಗಿಸಿದ್ದು ಇದೇ ಗುಣವು. ಅದರೊಳಗೆ ಸುಮಾರು ೧೩,೬೦೦ ಟನ್ ಕಬ್ಬಿಣದ ಅದುರಿನ ಪುಡಿಯಿದ್ದಿತು. ತೇವವನ್ನು ಹೀರಿದ ಆ ಪುಡಿಯು ಅಲೆಗಳ ಕುಲುಕಾಟಕ್ಕೆ ಕೆಸರಾಗಿ ಒಂದು ಪಕ್ಕಕ್ಕೆ ಸರಿಯಿತು. ಹಡಗು ವಾಲಿ ಮುಳುಗಿತು. ಹದಿನೆಂಟು ಜನ ನಾವಿಕರು ಉಳಿದದ್ದೇ ಪುಣ್ಯ. ಅದೇ ಸಪ್ಟಂಬರದಲ್ಲಿ ಒಡಿಶಾದ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಜ್’ ಹಡಗು ಮುಳುಗಿದಾಗ ಒಬ್ಬನು ಪ್ರಾಣ ತೆತ್ತನು.

ಹಡಗಿನ ಪಕ್ಕೆಯ ಮೇಲೆ ಹೊರೆಯ ಗೆರೆಯನ್ನು ಬರೆಯಬೇಕೆಂದು ಪ್ಲಿಮ್‌ಸಾಲ್ ಎಂಬಾತನು ಹೋರಾಡಿ, ೧೮೭೬ರಲ್ಲಿ ಇಂಗ್ಲಂಡಿನಲ್ಲಿ ಕಾಯದೆ ಮಾಡಿಸಿದನು. ಆದರೆ ಗೆರೆಯು ತೂಕವನ್ನು ತೋರಿಸುವದೇ ಹೊರತು ತೇವವನ್ನಲ್ಲ. ತೇವಕ್ಕೆ ಬೇರೆ ನಿಯಮಾವಳಿಯುಂಟು. ೨೦೧೧ರ ಜನವರಿ ೧ರಿಂದ ಅದು ಕಡ್ಡಾಯವಾಗಿದೆ. ಮಿತಿಮೀರಿ ತೇವವಿದ್ದ ಪುಡಿಯನ್ನು ಸಾಧಾರಣ ಹಡಗಿಗೆ ಹೇರಕೂಡದು. ಹೇರುವ ಮುಂಚಿನ ಏಳು ದಿನಗಳೊಳಗೆ ತೇವದ ಪರೀಕ್ಷೆಯಾಗಬೇಕು. ನಡುವೆ ಮಳೆ ಸುರಿದರೆ ಮರಳಿ ಆಗಬೇಕು. ಒಳ್ಳೆಯದು. ಆದರೆ ಇಷ್ಟು ತೇವವಿದೆಯೆಂದು ಕಪ್ತಾನನಿಗೆ ಬರೆದುಕೊಡುವವನಾರು? ಸರಕು ಕಳಿಸುವ ವರ್ತಕನೇ! ಕಾರಖಾನೆಯ ಕಾಟಾವನ್ನು ನಂಬದ ನಮ್ಮ ಕಬ್ಬು ಬೆಳೆಗಾರನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಸರಕಾರದ ಕೈಗೊಪ್ಪಿಸಿದರೆ ತೀರಿತೇ? ಬೇಲೆಕೇರಿಯನ್ನು ನೋಡಿರಿ. ೨೦೧೦ರಲ್ಲಿ ಉತ್ತರ ಕನ್ನಡದ ಆ ಬಂದರದಲ್ಲಿ ಅರಣ್ಯ ಇಲಾಖೆಯವರು ಜಪ್ತಿ ಮಾಡಿದ ಲಕ್ಷಗಟ್ಟಲೆ ಟನ್ ಅದುರು, ಜಪ್ತಿಯಲ್ಲಿದ್ದಂತೆಯೇ ಹಡಗು ಹತ್ತಿ ಹೋಯಿತು. ಕೆಲಸ ಮಾಡಿದ ಅರಣ್ಯಾಧಿಕಾರಿಯನ್ನೇ ಅಮಾನತುಗೊಳಿಸಲು ಸರಕಾರವು ಹೊರಟಾಗ ಲೋಕಾಯುಕ್ತ ಸಂತೋಷ ಹೆಗ್ಡೆಯವರು ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು. ಆ ಜುಲೈಯಲ್ಲಿ ಸರಕಾರವು ಹತ್ತು ಬಂದರಗಳಿಂದ ಅದುರಿನ ರಫ್ತನ್ನೇ ನಿಲ್ಲಿಸಿತು. ಬೀಗ ಹಾಕುವದು ಸುಲಭ, ದಿನಾಲು ಬಾಗಿಲು ಕಾಯುವದು ಕಷ್ಟ. ವಿಶೇಷ ನ್ಯಾಯಾಲಯವು ಒಬ್ಬ ಶಾಸಕರನ್ನೂ ಬಂದರದ ಅಧಿಕಾರಿಯೊಬ್ಬರನ್ನೂ ದೋಷಿಗಳೆಂದು ತೀರ್ಮಾನಿಸಿದ್ದು ೨೦೨೪ರ ಅಕ್ಟೋಬರದಲ್ಲಿ, ಹದಿನಾಲ್ಕು ವರ್ಷಗಳ ತರುವಾಯ. ಮುಂದಿನ ತಿಂಗಳಲ್ಲಿಯೇ ಉಚ್ಚ ನ್ಯಾಯಾಲಯವು ಶಿಕ್ಷೆಯನ್ನು ತಡೆಹಿಡಿಯಿತು.

ಆದುದರಿಂದ ನಿಯಮಗಳು ಸಾಲವೆಂಬ ಕೂಗಿಗೆ ನಾವು ದನಿಗೂಡಿಸಲಾರೆವು. ೧೯೫೮ರ ವ್ಯಾಪಾರಿ ನೌಕಾಯಾನ ಕಾಯದೆಯ ಬದಲಿಗೆ ೨೦೨೫ರಲ್ಲಿ ಸಂಸತ್ತು ಹೊಸ ಕಾಯದೆಯನ್ನು ಮಾಡಿದೆ. ನಾವು ಬೇಡುವದು ಇಷ್ಟೇ: ಹಡಗು ಹೊರಡುವ ಮುನ್ನ ರಾಶಿಯಿಂದ ಮಾದರಿಯನ್ನು ತೆಗೆಯುವವನು ವರ್ತಕನ ಸಂಬಳದವನಾಗಿರಬಾರದು, ಅವನ ಹೆಸರು ಕಾಗದದ ಮೇಲಿರಬೇಕು, ಹೇರಕೂಡದೆಂದು ಬರೆದ ಮರುದಿನವೇ ಅವನಿಗೆ ವರ್ಗದ ಹುಕುಮು ಬರಬಾರದು.