ಅಕ್ಕನ ಮೂರು ಗಾಲಿಯ ಬಂಡಿ

ಈ ತಿಂಗಳು ಎತ್ತಿಲ್ಲದೆ ಓಡುವ ಬಂಡಿಯ ವಿಚಾರವನ್ನು ಬರೆಯತಕ್ಕದ್ದೆಂದು ನಮ್ಮ ಮನೆಯಲ್ಲಿ ಅಪ್ಪಣೆಯಾಗಿರುವುದು. ಅಪ್ಪಣೆ ಮಾಡಿದವರು ನಮ್ಮ ಹಿರಿಯಕ್ಕ. ಬಾಲ್ಯದಲ್ಲಿ ಪೋಲಿಯೋ ತಗಲಿ ಅವರ ಕಾಲುಗಳೆರಡೂ ಶಕ್ತಿಗುಂದಿದುವು. ಆದರೆ ನೀರಮಾನ್ವಿಯ ನಮ್ಮ ಹೊಲದ ಲೆಕ್ಕಪತ್ರವೆಲ್ಲವೂ ಅವರ ಕೈಯಲ್ಲಿಯೇ ಉಂಟು. ಜೋಳ ಎಷ್ಟು ಚೀಲವಾಯಿತು, ಹತ್ತಿ ಬಿಡಿಸಿದವರಿಗೆ ಕೂಲಿ ಎಷ್ಟು ಸಂದಿತು ಎಂಬುದನ್ನೆಲ್ಲ ಅವರು ಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುವರು. ಕಣ್ಣಾರೆ ಕಂಡು ಬರೆದುದಲ್ಲ, ಪರರು ಹೇಳಿದುದನ್ನು ನಂಬಿ ಬರೆದುದು. ಇದೇ ಅವರ ಕೊರಗು.

ಕೈಯಿಂದ ತಿರುಗಿಸುವ ಮೂರು ಗಾಲಿಯ ಬಂಡಿಯೊಂದು ಮನೆಯಲ್ಲಿ ಬಹುಕಾಲದಿಂದ ಇದ್ದಿತು. ಆದರೆ ಅಂಗಳದ ಕಲ್ಲುಹಾಸನ್ನು ದಾಟಿ ಅದು ಹೋಗಲಾರದು. ನಮ್ಮ ಸೀಮೆಯ ಎರೆಮಣ್ಣನ್ನು ಬಲ್ಲ ವಾಚಕರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಒಣಗಿದರೆ ಬಿರಿಯುವುದು, ನೆನೆದರೆ ಗಾಲಿಯನ್ನು ಹಿಡಿದು ಬಿಡದು. ಹುಡುಗರು ಹಿಂದಿನಿಂದ ನೂಕಬೇಕು. ನೂಕುವ ಹುಡುಗರಿಗೆ ಶಾಲೆಯುಂಟು, ಆಟವುಂಟು, ಬೇಸರವೂ ಉಂಟು. "ನನ್ನನ್ನು ಯಾರೂ ನೂಕಬೇಡಿರಿ. ನಾನೇ ಹೋಗುವಂತೆ ಏನಾದರೂ ಮಾಡಿರಿ" ಎಂದು ಅವರು ಒಂದು ದಿನ ಹೇಳಿದ ಮೇಲೆ ನಾವು ಸುಮ್ಮನಿರಲಾಗಲಿಲ್ಲ.

ಮೂರು ಗಾಲಿಗೆ ಹೊಸ ಶಕ್ತಿಯನ್ನು ಹೂಡುವುದು ನಮ್ಮಿಂದ ಮೊದಲಾದ ಕೆಲಸವೇನೂ ಅಲ್ಲ. 1881ರಲ್ಲಿಯೇ ಗುಸ್ತಾವ್ ತ್ರೂವೆ ಎಂಬ ಶಿಲ್ಪಿಯು ಪ್ಯಾರಿಸ್ ಪಟ್ಟಣದ ಬೀದಿಯಲ್ಲಿ ವಿದ್ಯುತ್ತಿನ ತ್ರಿಚಕ್ರವನ್ನು ಓಡಿಸಿ ತೋರಿಸಿದನು. ಕಾರ್ಲ್ ಬೆಂಜನು 1886ರಲ್ಲಿ ಹಕ್ಕುಪತ್ರ ಪಡೆದ ಮೋಟಾರು ಬಂಡಿಗೂ ಇದ್ದುದು ಮೂರೇ ಗಾಲಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ದೇಶದ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಅನಿಲದಿಂದ ಓಡಿದುವು. ಆದರೆ ನಮಗೆ ಧೈರ್ಯ ಕೊಟ್ಟುದು ತೀರ ಈಚಿನ ಸಂಗತಿ. ನವೀನ್ ರಬೆಲ್ಲಿ ಎಂಬ ಇಂಜಿನಿಯರರು ಡೀಸೆಲ್ಲಿನಿಂದ ಓಡುತ್ತಿದ್ದ ಹಳೆಯ ಆಟೋರಿಕ್ಷಾವೊಂದಕ್ಕೆ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಕೂಡಿಸಿ, ಛಾವಣಿಯ ಮೇಲೆ ಸೌರಫಲಕಗಳನ್ನು ಹೊದಿಸಿ, ಅದಕ್ಕೆ 'ತೇಜಸ್' ಎಂದು ಹೆಸರಿಟ್ಟು, 2016ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಹೊರಟರು. ಕಡಲನ್ನು ಹಡಗಿನಲ್ಲಿ ದಾಟಿ, ಇರಾನ್ ತುರ್ಕಿಗಳ ಮೇಲೆ ಹಾದು, ಸುಮಾರು 10,000 ಕಿಲೋಮೀಟರು ಕ್ರಮಿಸಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂಗ್ಲೆಂಡನ್ನು ಮುಟ್ಟಿದರು. ಬಂಡಿ ಅವರಿಗೆ ದ್ರೋಹ ಮಾಡಲಿಲ್ಲ. ಪ್ಯಾರಿಸಿನಲ್ಲಿ ರಹದಾರಿಯನ್ನು ಕದ್ದ ಕಳ್ಳನಿಂದ ಕೆಲವು ದಿನ ತಡವಾಯಿತಂತೆ. ಬೆಂಗಳೂರಿನಿಂದ ಲಂಡನ್ನಿಗೆ ಹೋಗಬಹುದಾದರೆ ನಮ್ಮ ಹಿತ್ತಲಿನಿಂದ ಹೊಲದ ಬದುವಿಗೆ ಹೋಗಬಾರದೇಕೆ?

ಮೊದಲು ಕೈಗೆ ಬಂದುದು ಸುತ್ತಿಗೆಯಲ್ಲ, ಅಕ್ಕನ ಲೆಕ್ಕದ ಪುಸ್ತಕ. ಬಂಡಿ 35 ಕಿಲೋ, ಕೂಡುವವರು 55, ಬ್ಯಾಟರಿ 13, ಮೋಟಾರು ಸರಪಳಿ ಮೊದಲಾದುವು 7, ಬುತ್ತಿ ನೀರು ಚೀಲಗಳಿಗೆ 20, ಕೂಡಿದರೆ 130. ಇಷ್ಟು ಭಾರವನ್ನು ಮಣ್ಣಿನ ದಾರಿಯಲ್ಲಿ ಗಂಟೆಗೆ 8 ಕಿಲೋಮೀಟರಿನಂತೆ ಒಯ್ಯಲು, ಸವೆತ ಸೋರಿಕೆಗಳನ್ನೂ ಸೇರಿಸಿ, 200 ವ್ಯಾಟಿನಷ್ಟು ಶಕ್ತಿ ಬೇಕು. ತೋಳಿನ ಬಲದಿಂದ ಎಡೆಬಿಡದೆ 50 ವ್ಯಾಟ್ ಹೊರಡಿಸುವುದೇ ಪ್ರಯಾಸ. ಇಷ್ಟು ವರ್ಷ ಅಕ್ಕನನ್ನು "ಇನ್ನಷ್ಟು ಜೋರಾಗಿ ತಿರುಗಿಸು" ಎಂದು ಹುರಿದುಂಬಿಸುತ್ತಿದ್ದ ನಾವು ಈ ಅಂಕೆಯನ್ನು ಕಂಡು ತಲೆತಗ್ಗಿಸಿದೆವು.

24 ವೋಲ್ಟಿನ, 250 ವ್ಯಾಟಿನ ಮೋಟಾರು ಸಾಕೆಂದಾಯಿತು. ಮೊದಲ ಸಲ ಗಾಲಿಯ ಗುಂಭದೊಳಗೇ ಅಡಗಿರುವ ಮೋಟಾರನ್ನು ತರಿಸಿ ಮುಂದಿನ ಗಾಲಿಗೆ ಹಾಕಿದೆವು. ನೋಡಲು ಅಚ್ಚುಕಟ್ಟು, ಆದರೆ ಭಾರವೆಲ್ಲವೂ ಹಿಂದಿನ ಗಾಲಿಗಳ ಮೇಲಿದ್ದುದರಿಂದ ಹಸಿಮಣ್ಣಿನಲ್ಲಿ ಮುಂದಿನ ಗಾಲಿಯು ನಿಂತಲ್ಲಿಯೇ ತಿರುಗಿ ಗುಂಡಿ ತೋಡಿತು. ಎರಡನೆಯ ಸಲ ಹಿಂದಿನ ಗಾಲಿಗಳೆರಡನ್ನೂ ಒಂದೇ ಅಚ್ಚಿಗೆ ಬಿಗಿದು ಅದನ್ನು ತಿರುಗಿಸಿದೆವು. ಆಗ ಬಂಡಿಯು ನೇರವಾಗಿ ಸೊಗಸಾಗಿ ಓಡಿತು, ತಿರುವಿನಲ್ಲಿ ಮಾತ್ರ ತಿರುಗಲೊಲ್ಲದು. ಏತಕ್ಕೆಂದರೆ ತಿರುಗುವಾಗ ಹೊರಗಿನ ಗಾಲಿಯು ಒಳಗಿನದಕ್ಕಿಂತ ಹೆಚ್ಚು ದೂರ ನಡೆಯಬೇಕು; ಎರಡನ್ನೂ ಒಂದೇ ಕಟ್ಟಿಗೆ ಕಟ್ಟಿದರೆ ಒಂದು ತೆವಳಲೇಬೇಕು. ದೊಡ್ಡ ವಾಹನಗಳಲ್ಲಿ ಇದಕ್ಕಾಗಿ ಹಲ್ಲುಗಾಲಿಗಳ ಬೇರೊಂದು ಪೆಟ್ಟಿಗೆಯೇ ಇರುವುದು. ನಮಗೆ ಅಷ್ಟೆಲ್ಲ ಬೇಕಾಗಲಿಲ್ಲ. ಮೂರನೆಯ ಸಲ ಎಡಗಾಲಿಯೊಂದನ್ನು ಮಾತ್ರ ಮೋಟಾರಿಗೆ ಕೊಟ್ಟು, ಬಲಗಾಲಿಯನ್ನು ಹಳೆಯ ಕೈಸರಪಳಿಗೇ ಬಿಟ್ಟೆವು. ಬಂಡಿಯು ಕೊಂಚ ಬಲಕ್ಕೆ ಎಳೆಯುವುದು. ಅಕ್ಕನ ಕೈ ಒಂದೇ ದಿನದಲ್ಲಿ ಅದಕ್ಕೆ ಹೊಂದಿಕೊಂಡಿತು. ಬ್ಯಾಟರಿ ತೀರಿದರೆ ಕೈಯುಂಟು. ಮೋಟಾರಿನ ಹಲ್ಲುಗಾಲಿಗೆ 9 ಹಲ್ಲು, ಬಂಡಿಯ ಗಾಲಿಗೆ 44. ಹೀಗೆ ವೇಗವು ಐದರಲ್ಲೊಂದು ಪಾಲಿಗೆ ಇಳಿದು ಬಲವು ಅಷ್ಟೇ ಏರುವುದು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಓಡುವ ಸಂಭ್ರಮದಲ್ಲಿ ನಿಲ್ಲುವ ಏರ್ಪಾಡನ್ನು ನಾವು ಕಡೆಗೆ ಇಟ್ಟುಕೊಂಡಿದ್ದೆವು. ಹೊಲಗಾಲುವೆಯ ಏರಿಯನ್ನು ಹತ್ತಿ ಇಳಿಯುವಾಗ, ಹೆಚ್ಚಾದ ಭಾರವನ್ನು ತಡೆಯಲಾರದೆ ಮುಂದಿನ ಗಾಲಿಯ ಹಳೆಯ ಬ್ರೇಕು ಜಾರಿತು. ಅಕ್ಕ ಗಾಬರಿಯಾಗದೆ ಬಂಡಿಯನ್ನು ಹತ್ತಿಯ ಸಾಲಿನೊಳಕ್ಕೆ ತಿರುಗಿಸಿದುದರಿಂದ ಎಂಟು ಹತ್ತು ಗಿಡಗಳು ಮುರಿದುವೇ ಹೊರತು ಬೇರೆ ಕೇಡಾಗಲಿಲ್ಲ. ಓಡಿಬಂದ ನಮ್ಮ ಮುಖದಲ್ಲಿ ರಕ್ತವಿರಲಿಲ್ಲ. "ಮೊದಲು ನಿಲ್ಲಿಸಿ ತೋರಿಸಿರಿ, ಆಮೇಲೆ ಹತ್ತುವೆನು" ಎಂದಷ್ಟೇ ಅವರು ಹೇಳಿದರು. ಮುರಿದ ಗಿಡಗಳನ್ನು ಅಂದು ಸಂಜೆ ನಮ್ಮ ಹೆಸರಿನಲ್ಲಿ ಖರ್ಚು ಬರೆದರು!

1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಎಂಬಾಕೆ ಗಂಡನ ಮೂರು ಗಾಲಿಯ ಬಂಡಿಯಲ್ಲಿ ಇಬ್ಬರು ಮಕ್ಕಳನ್ನು ಕೂಡಿಸಿಕೊಂಡು ಜರ್ಮನಿಯ ಮಾನ್‌ಹೈಮಿನಿಂದ ತವರೂರಾದ ಪ್ಫೋರ್ಟ್ಸ್‌ಹೈಮಿಗೆ ಹೋದಾಗಲೂ ಇಳಿಜಾರಿನಲ್ಲಿ ಬ್ರೇಕು ಸವೆದುಹೋಯಿತು. ಆಕೆ ದಾರಿಯಲ್ಲಿ ಚಮ್ಮಾರನೊಬ್ಬನಿಂದ ಬ್ರೇಕಿನ ಮರದ ತುಂಡಿಗೆ ತೊಗಲನ್ನು ಹೊಡೆಸಿಕೊಂಡು ಮುಂದೆ ಸಾಗಿದಳು. ಅಕ್ಕನಿಗೆ ಈ ಕಥೆ ಬಹಳ ಹಿಡಿಸಿತು. ನಾವು ಹಿಂದಿನ ಎರಡು ಗಾಲಿಗಳಿಗೂ ಬೇರೆ ಬೇರೆ ಬ್ರೇಕು ಕೂಡಿಸಿ, ಹಿಡಿಯನ್ನು ಅಮುಕಿದೊಡನೆ ಮೋಟಾರಿಗೆ ವಿದ್ಯುತ್ತು ನಿಲ್ಲುವಂತೆ ಗುಂಡಿಯಿಟ್ಟು, ನಿಲ್ಲಿಸಿದ ಬಂಡಿ ಜಾರದಂತೆ ಒಂದು ಕೊಂಡಿಯನ್ನೂ ಹಾಕಿದೆವು. ಎರಡು ಚೀಲ ಮಣ್ಣನ್ನು ಹೇರಿ ಅದೇ ಏರಿಯಲ್ಲಿ ಇಪ್ಪತ್ತು ಸಲ ಇಳಿಸಿದ ಮೇಲೆ ಅಕ್ಕ ಹತ್ತಿದರು. ಬ್ಯಾಟರಿಗಳನ್ನು ಹಿಂದಿನ ಅಚ್ಚಿನ ಮಟ್ಟಕ್ಕೆ ಇಳಿಸಿ, ಆಸನವನ್ನೂ ನಾಲ್ಕು ಅಂಗುಲ ತಗ್ಗಿಸಿದೆವು. ಮುಂದೆ ಒಂದೇ ಗಾಲಿಯುಳ್ಳ ಬಂಡಿಯು ತಿರುವಿನಲ್ಲಿ ಮಗುಚುವ ಸ್ವಭಾವದ್ದು, ಭಾರ ಎಷ್ಟು ಕೆಳಗಿದ್ದರೆ ಅಷ್ಟು ಕ್ಷೇಮ.

ಸೌರಫಲಕವನ್ನು ಬಂಡಿಯ ಮೇಲೆಯೇ ಛತ್ರಿಯಂತೆ ಹಿಡಿಸಬೇಕೆಂಬುದು ಹುಡುಗರ ಆಸೆ. ಆದರೆ ಹೊಲಕ್ಕೆ ಹೋದ ಬಂಡಿ ಬೇವಿನ ಮರದಡಿ ನಿಲ್ಲುವುದು. ಅಕ್ಕನಿಗೆ ನೆರಳು ಬೇಕು, ಫಲಕಕ್ಕೆ ಬಿಸಿಲು ಬೇಕು. ಗಾಳಿಗೆ ಹಾಯಿಯಂತೆ ಎಳೆಯುವ ಭಯ ಬೇರೆ. ಆದಕಾರಣ 100 ವ್ಯಾಟಿನ ಫಲಕವನ್ನು ಮಾಳಿಗೆಯ ಮೇಲೆ ಕೂಡಿಸಿದೆವು. ಅದು ಒಳ್ಳೆಯ ಬಿಸಿಲಿನ ದಿನ ಯೂನಿಟ್ಟಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಕೊಡುವುದು. 20 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡದೆ ಗಳಿಸುವ ಒಂದು ತಾಸಿನ ಓಟಕ್ಕೆ ಅಷ್ಟು ಧಾರಾಳವಾಯಿತು.

ಸೀಸದ ಬ್ಯಾಟರಿಗೆ ಸೆಕೆಯೇ ಶತ್ರು. ಹತ್ತು ಡಿಗ್ರಿ ಶಾಖ ಏರಿದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುವುದೆಂದು ಬಲ್ಲವರ ಲೆಕ್ಕ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ರಾಯಚೂರು ಸೀಮೆಯಲ್ಲಿ ಅದನ್ನು ಬಿಸಿಲಲ್ಲಿ ಇಡಕೂಡದು. ಗೃಹಿಣಿಯರು ಮತ್ತೊಂದನ್ನು ನೆನಪಿಡಬೇಕು: ಬ್ಯಾಟರಿಗೆ ವಿದ್ಯುತ್ತು ತುಂಬುವಾಗ ಜಲಜನಕ ಅನಿಲ ಹೊರಡುವುದುಂಟು, ಅದು ಕಿಡಿಗೆ ಸಿಡಿಯುವುದು. ಅಡಿಗೆಮನೆಯಲ್ಲಿ ಈ ಕೆಲಸ ಖಂಡಿತ ಬೇಡ. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸು ಇರಲಿ.

ಇಷ್ಟಾದರೂ ಬಂಡಿಯು ಮಾನ್ವಿಯ ಪೇಟೆಗೆ ಹೋಗುವಂತಿಲ್ಲ. ಸಾರ್ವಜನಿಕ ರಸ್ತೆಯ ಮೇಲೆ ಓಡುವ ಮೋಟಾರು ವಾಹನಕ್ಕೆ ನೋಂದಣಿ ಬೇಕೆಂದು 1988ರ ಕಾಯಿದೆ ವಿಧಿಸಿರುವುದು; ಸಣ್ಣ ಬ್ಯಾಟರಿ ವಾಹನಗಳಿಗೆ ನಿಯಮಗಳಲ್ಲಿ ಕೊಟ್ಟಿರುವ ರಿಯಾಯಿತಿಯೂ ಮಾನ್ಯತೆಯುಳ್ಳ ಪರೀಕ್ಷಾಸಂಸ್ಥೆಯು ಒಪ್ಪಿದ ಬಂಡಿಗೆ ಮಾತ್ರ. ಮನೆಯಲ್ಲಿ ಬೆಸೆದ ಬಂಡಿಗೆ ಅಂಥ ಒಪ್ಪಿಗೆ ಎಲ್ಲಿಯದು? ನಿಯಮ ಅನ್ಯಾಯವೆಂದು ನಾವು ಹೇಳಲಾರೆವು. ಹತ್ತಿಯ ಸಾಲನ್ನು ಹೊಕ್ಕ ದಿನವನ್ನು ಮರೆತಿಲ್ಲ. ಆದರೂ ಯಲ್ಲಮ್ಮನ ಜಾತ್ರೆಗೆ ಅಕ್ಕ ಮತ್ತೆ ಆಟೋರಿಕ್ಷಾ ಕರೆಸಬೇಕಾಗುವುದು ನಮಗೆ ವ್ಯಸನವೇ.

ಹಿತ್ತಲಿನಿಂದ ಹೊಲಕ್ಕಿರುವ ನಮ್ಮ ಸ್ವಂತ ದಾರಿ ಮಾತ್ರ ಈಗ ಪೂರ್ತಿ ಅವರದು. ಮೊದಲ ವಾರದಲ್ಲಿಯೇ ಹತ್ತಿಯ ತೂಕದಲ್ಲಿ ಎರಡು ವ್ಯತ್ಯಾಸಗಳನ್ನು ಕಂಡುಹಿಡಿದರು. ಒಂದು ಕೂಲಿಯವರಿಗೆ ನಾವು ಕೊಡಬೇಕಾದುದು, ಮತ್ತೊಂದು ನಮ್ಮದೇ ಮರೆವು. ಎರಡನ್ನೂ ಅಲ್ಲಿಯೇ ತೀರಿಸಿದರು. ಲೆಕ್ಕದ ಪುಸ್ತಕವನ್ನು ಇಡಲು ಬಂಡಿಯ ಬಲಗಡೆ ಮುಚ್ಚಳವುಳ್ಳ ಪೆಟ್ಟಿಗೆಯೊಂದು ಬೇಕೆಂದು ನಿನ್ನೆ ಹೇಳಿಕಳುಹಿಸಿರುವರು; ಹಲಗೆಗಳನ್ನು ಕೊಯ್ಸಿ ತಂದಿರುವೆವು.